ಇಸ್ತಾಂಬುಲ್‌ನ ಹಳೆಯ ನಗರದಲ್ಲಿ ಊಟದ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಗದರ್ಶಕರಿಲ್ಲದೆ ಇಂತಹ ನಡಿಗೆಯನ್ನು ನಾವೇ ಕೈಗೊಳ್ಳಬಹುದೇ?

ಖಂಡಿತ ಕೈಗೊಳ್ಳಬಹುದು. ಮರ್ಮರಾ ಸಮುದ್ರಕ್ಕೂ ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಗೂ ನಡುವೆ ಚಾಚಿಕೊಂಡಿರುವ ಹಳೆಯ ನಗರ ಕಾಲ್ನಡಿಗೆಗೆ ಒಗ್ಗುವಂಥದ್ದು. ಯುನೆಸ್ಕೊ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐತಿಹಾಸಿಕ ಪ್ರದೇಶಗಳು ಇಲ್ಲಿಯೇ ಇವೆ, ಮತ್ತು ತಿನಿಸಿನ ಬೀದಿಗಳು ಆ ಸ್ಮಾರಕಗಳ ನಡುವೆಯೇ ಹಾದುಹೋಗುತ್ತವೆ. ಹೆಚ್ಚಿನ ಊಟದ ಮನೆಗಳಲ್ಲಿ ಅಡುಗೆಯನ್ನು ಗಾಜಿನ ಹಿಂದೆ ಎದ್ದು ಕಾಣುವಂತೆ ಇಟ್ಟಿರುವುದರಿಂದ ಭಾಷೆ ಬಾರದವರೂ ಬೆರಳು ತೋರಿಸಿ ಊಟ ಕೇಳಬಹುದು. ತಿಳಿದಿರಬೇಕಾದದ್ದು ಮುಖ್ಯವಾಗಿ ಹೊತ್ತು ಮತ್ತು ದಾರಿ, ಅಂದರೆ ಯಾವ ತಿನಿಸು ದಿನದ ಯಾವ ವೇಳೆಗೆ ಯಾವ ಬೀದಿಯಲ್ಲಿ ಸಿಗುತ್ತದೆ ಎಂಬುದು.

ಎಲ್ಲಿಂದ ಆರಂಭಿಸಿ ಎಲ್ಲಿ ಮುಗಿಸಬೇಕು?

ಹೆಸರುವಾಸಿ ಅಂಗಡಿಗಳ ಪಟ್ಟಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡಾಡುವುದಕ್ಕಿಂತ, ಈ ನಗರಕ್ಕೆ ಆಹಾರ ಬಂದ ದಾರಿಯನ್ನೇ ಹಿಡಿದು ನಡೆಯುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಒಟ್ಟೋಮನ್ ಕಾಲದಲ್ಲಿ ನಗರಕ್ಕೆ ಬೇಕಾದ ಧಾನ್ಯ, ಎಣ್ಣೆ, ಜೇನು, ಸಾಂಬಾರ ಪದಾರ್ಥಗಳು ಹಡಗುಗಳಲ್ಲಿ ಗೋಲ್ಡನ್ ಹಾರ್ನ್‌ನ ದಕ್ಷಿಣ ದಡಕ್ಕೆ ಬಂದಿಳಿಯುತ್ತಿದ್ದವು. ದಡದ ಬಳಿಯಿದ್ದ ‘ಕಪಾನ್’ ಎಂಬ ತೂಕದ ಕಟ್ಟೆಗಳಲ್ಲಿ ಅವುಗಳನ್ನು ತೂಗಿ, ಸುಂಕ ವಸೂಲಿ ಮಾಡಿ, ವೃತ್ತಿಸಂಘಗಳ ಮೂಲಕ ವ್ಯಾಪಾರಿಗಳಿಗೆ ಹಂಚಲಾಗುತ್ತಿತ್ತು. ಹಿಟ್ಟಿನ ಕಟ್ಟೆಯಿದ್ದ ಬಡಾವಣೆಯನ್ನು ಇಂದಿಗೂ ಉನ್‌ಕಪಾನಿ ಎಂದೇ ಕರೆಯುತ್ತಾರೆ. ಜೇನಿನ ಕಟ್ಟೆಯಾಗಿದ್ದ ಬಾಲ್‌ಕಪಾನಿ ಹಾನ್ ಎಂಬ ಹಳೆಯ ಕಟ್ಟಡ ಸಾಂಬಾರ ಮಾರುಕಟ್ಟೆಯ ಹಿಂಬದಿಯ ಗಲ್ಲಿಗಳಲ್ಲಿ ಈಗಲೂ ನಿಂತಿದೆ. ಅಲ್ಲಿಂದ ಸರಕು ಗುಡ್ಡವೇರಿ ಸಗಟು ಬೀದಿಗಳಿಗೆ, ಮಸೀದಿಗಳ ಅನ್ನಛತ್ರಗಳಿಗೆ, ಮನೆಗಳಿಗೆ ಸಾಗುತ್ತಿತ್ತು.

ನಡಿಗೆಯೂ ಹಾಗೆಯೇ ಸಾಗಲಿ. ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿನ ಕೊನೆಯ ನಿಲ್ದಾಣವಾಗಿ 1890ರಲ್ಲಿ ತೆರೆದ ಸಿರ್ಕೆಜಿಯಿಂದ ಹೊರಟು, ಎಮಿನೊನು ಚೌಕವನ್ನೂ ಸಾಂಬಾರ ಮಾರುಕಟ್ಟೆಯನ್ನೂ ನೋಡಿಕೊಂಡು, ತಹ್ತಾಕಲೆಯ ಸಗಟು ಬೀದಿಗಳ ಮೂಲಕ ಸುಲೇಮಾನಿಯೆ ಮಸೀದಿಯ ಗುಡ್ಡ ಹತ್ತಿ, ಆ ಬದಿಯಿಂದ ವೆಫಾ ಬಡಾವಣೆಗೆ ಇಳಿದು, 4ನೆಯ ಶತಮಾನದ ವಾಲೆನ್ಸ್ ಮೇಲ್ಗಾಲುವೆಯ ಬುಡದಲ್ಲಿರುವ ಕಾದಿನ್ಲಾರ್ ಪಜಾರಿ ಎಂಬ ಮಾರುಕಟ್ಟೆಯಲ್ಲಿ ಮುಗಿಸಬಹುದು. ದೂರ ಹೆಚ್ಚೆಂದರೆ ಮೂರು ಕಿಲೋಮೀಟರ್. ಆದರೆ ನಿಂತು, ತಿಂದು, ಕುಡಿದು ಸಾಗುವಾಗ ಐದಾರು ಗಂಟೆ ಹಿಡಿಯುತ್ತದೆ.

ಯಾವ ದಿನ, ಯಾವ ಹೊತ್ತು ಸೂಕ್ತ?

ಸೋಮವಾರದಿಂದ ಗುರುವಾರದವರೆಗಿನ ಯಾವುದೇ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಡುವುದು ಒಳ್ಳೆಯದು. ಭಾನುವಾರ ಮುಚ್ಚುವ, ಗ್ರ್ಯಾಂಡ್ ಬಜಾರ್ ಎಂಬ ದೊಡ್ಡ ಮಾರುಕಟ್ಟೆಯ ಹಾಗೆಯೇ ತಹ್ತಾಕಲೆಯ ಹೆಚ್ಚಿನ ಸಗಟು ಮಳಿಗೆಗಳೂ ಅಂದು ಬಾಗಿಲೆಳೆದಿರುತ್ತವೆ, ಮತ್ತು ಆ ಮಳಿಗೆಗಳ ಕೆಲಸಗಾರರನ್ನೇ ನಂಬಿದ ಊಟದ ಮನೆಗಳು ಅವುಗಳೊಂದಿಗೆ ಮುಚ್ಚುತ್ತವೆ. ಸಾಂಬಾರ ಮಾರುಕಟ್ಟೆ ಮಾತ್ರ ಭಾನುವಾರವೂ ತೆರೆದಿರುತ್ತದೆ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ವೇಳೆಯಲ್ಲಿ ಸುಲೇಮಾನಿಯೆ ಸುತ್ತಮುತ್ತ ಜನದಟ್ಟಣೆ ಇರುತ್ತದೆ. ಋತುಗಳ ಮಾತಿಗೆ ಬಂದರೆ, ಬಹುಪಾಲು ಪ್ರವಾಸಿಗರು ಬೇಸಿಗೆಯಲ್ಲಿ ಬಂದರೂ ತಿನ್ನುವವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲವೇ ಹೆಚ್ಚು ಲಾಭದಾಯಕ. ಮೀನಿನ ಹಂಗಾಮು, ಬೋಜಾ ಎಂಬ ಹುದುಗು ಪಾನೀಯ, ದಾಳಿಂಬೆ ರಸ ಎಲ್ಲವೂ ಆಗ ಒಟ್ಟಿಗೆ ಸಿಗುತ್ತವೆ.

ಬೆಳಗಿನ ಉಪಾಹಾರವನ್ನು ಹೋಟೆಲಿನಲ್ಲಿ ಮುಗಿಸಿಕೊಂಡು ಹೊರಡಬೇಕೇ?

ಬೇಡ. ಚೀಸ್, ಆಲಿವ್, ಮೊಟ್ಟೆ, ಜೇನುತುಪ್ಪ ಎಂದು ಮೇಜಿನ ತುಂಬ ಹರಡಿಕೊಳ್ಳುವ ತುರ್ಕಿಯ ಉಪಾಹಾರ ಸೊಗಸಾದದ್ದು ನಿಜ, ಆದರೆ ಅದನ್ನು ತಿಂದವರಿಗೆ ಮಧ್ಯಾಹ್ನದವರೆಗೆ ಬೇರೇನೂ ರುಚಿಸದು. ಅದಕ್ಕೆ ಇನ್ನೊಂದು ದಿನವನ್ನು ಮೀಸಲಿಡಿ. ನಡಿಗೆಯ ದಿನ ಒಂದು ಸಿಮಿತ್ ಮತ್ತು ಒಂದು ಲೋಟ ಚಹಾ ಸಾಕು. ಹಿಟ್ಟಿನ ಬಳೆಯನ್ನು ನೀರು ಬೆರೆಸಿದ ದ್ರಾಕ್ಷಿಯ ಕಾಕಂಬಿಯಲ್ಲಿ ಅದ್ದಿ, ಎಳ್ಳಿನಲ್ಲಿ ಹೊರಳಿಸಿ ಸುಟ್ಟರೆ ಸಿಮಿತ್ ಆಗುತ್ತದೆ. ಅದರ ಹೊಂಬಣ್ಣವೂ ಎಳ್ಳು ಉದುರದೆ ಹಿಡಿದುಕೊಳ್ಳುವುದೂ ಆ ಕಾಕಂಬಿಯಿಂದಲೇ. ತಳ್ಳುಗಾಡಿಯ ಸಿಮಿತ್ ಹೊತ್ತು ಕಳೆದಂತೆ ಗಟ್ಟಿಯಾಗುವುದರಿಂದ, ‘ಫಿರಿನ್’ ಎಂಬ ಬೇಕರಿಯ ಒಲೆಯಿಂದ ಆಗತಾನೆ ತೆಗೆದದ್ದು ಸಿಕ್ಕರೆ ಅದನ್ನೇ ಕೊಳ್ಳಿ.

ಎಸ್ನಾಫ್ ಲೊಕಾಂತಾ ಎಂದರೇನು, ಅಲ್ಲಿ ಊಟ ಕೇಳುವುದು ಹೇಗೆ?

ಸುತ್ತಲಿನ ಅಂಗಡಿಕಾರರು ಮತ್ತು ಕುಶಲಕರ್ಮಿಗಳು ಮಧ್ಯಾಹ್ನ ಊಟ ಮಾಡುವ ಸಾದಾ ಊಟದ ಮನೆಗೆ ಈ ಹೆಸರಿದೆ. ಇಡೀ ನಡಿಗೆಯಲ್ಲಿ ಒಂದೇ ಕಡೆ ಕುಳಿತು ಉಣ್ಣುವುದಾದರೆ ಇಲ್ಲಿ ಕುಳಿತುಕೊಳ್ಳಿ ಎಂದು ಹೇಳಲು ನಮಗೆ ಯಾವ ಹಿಂಜರಿಕೆಯೂ ಇಲ್ಲ. ಕಬಾಬ್ ಅಂಗಡಿಯಲ್ಲಿ ಸಿಗುವುದು ಬೀದಿಯ ಊಟವಾದರೆ, ಇಲ್ಲಿ ಸಿಗುವುದು ತುರ್ಕಿಯ ಮನೆಗಳಲ್ಲಿ ಬೇಯುವಂಥ ಅಡುಗೆ.

ಒಳಗೆ ಹೋದ ಕೂಡಲೇ ಮೇಜು ಹುಡುಕಬೇಡಿ. ಮೊದಲು ಗಾಜಿನ ಕಪಾಟಿನ ಮುಂದೆ ನಿಲ್ಲಿ. ಕೆಳಗಿನಿಂದ ಹಬೆ ತಾಗುವ ಉಕ್ಕಿನ ತಟ್ಟೆಗಳಲ್ಲಿ ಹತ್ತು ಹದಿನೈದು ಬಗೆಯ ಅಡುಗೆ ಸಾಲಾಗಿರುತ್ತದೆ: ಟೊಮೆಟೊ ರಸದಲ್ಲಿ ಬೆಂದ ಬಿಳಿ ಹುರುಳಿಕಾಯಿ ಬೀಜ, ಹೊಟ್ಟೆ ಸೀಳಿ ಕೈಮಾ ತುಂಬಿದ ಬದನೆಕಾಯಿ, ಅಂಚಿನಲ್ಲಿ ಎಣ್ಣೆ ಮಿನುಗುವ ಬೆಂಡೆಕಾಯಿ, ಆಲೂಗಡ್ಡೆಯೊಂದಿಗೆ ಬೆಂದ ಕುರಿಮಾಂಸ, ಕೊನೆಯಲ್ಲಿ ದೊಡ್ಡ ಪಾತ್ರೆಯ ಅನ್ನ. ಬಡಿಸುವವರು ಸೌಟು ಹಿಡಿದು ನಿಮ್ಮ ಬೆರಳಿನತ್ತ ನೋಡುತ್ತಿರುತ್ತಾರೆ. ಆಗ ‘ಯಾರಿಮ್ ಪೋರ್ಸಿಯೊನ್’ ಎಂದರೆ ಅರ್ಧ ಪಾಲು ಬಡಿಸುತ್ತಾರೆ. ಊಟದ ನಡಿಗೆಗೆ ಇದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲ, ಏಕೆಂದರೆ ಒಂದು ಪಾಲಿನ ಹೊಟ್ಟೆಯಲ್ಲಿ ಎರಡು ಅಡುಗೆಗಳ ರುಚಿ ನೋಡಿದಂತಾಗುತ್ತದೆ. ಬ್ರೆಡ್ಡಿನ ಬುಟ್ಟಿ ತಾನಾಗಿಯೇ ಮೇಜಿಗೆ ಬರುತ್ತದೆ. ಹನ್ನೆರಡರಿಂದ ಒಂದೂವರೆಯವರೆಗೆ ಅಡುಗೆ ತಾಜಾ ಇರುತ್ತದೆ, ಮೂರರ ಹೊತ್ತಿಗೆ ಒಳ್ಳೆಯ ಪದಾರ್ಥಗಳೆಲ್ಲ ಖಾಲಿಯಾಗುತ್ತವೆ, ಸಂಜೆಗೆ ಹಲವು ಕಡೆ ಬಾಗಿಲು ಹಾಕಿರುತ್ತದೆ.

ಶುದ್ಧ ಸಸ್ಯಾಹಾರಿಗಳಿಗೆ ಈ ನಡಿಗೆ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಕಣ್ಣಿಗೆ ಕಾಣುವ ಮಾಂಸಕ್ಕಿಂತ ಕಾಣದ ಮಾಂಸದ ಬಗ್ಗೆ ಎಚ್ಚರ ಬೇಕು. ತರಕಾರಿ ಅಡುಗೆಗೂ ರುಚಿಗಾಗಿ ಮೂಳೆ ಅಥವಾ ಮಾಂಸ ಬೇಯಿಸಿದ ನೀರನ್ನು ಬಳಸುವ ರೂಢಿ ಅಲ್ಲಿದೆ. ಎಲ್ಲೆಡೆ ಸಿಗುವ ‘ಮೆರ್ಜಿಮೆಕ್ ಚೋರ್ಬಾಸಿ’ ಎಂಬ ಕೆಂಪು ಬೇಳೆಯ ಸೂಪಿಗೆ ಕೆಲವು ಕಡೆ ಈ ನೀರನ್ನು ಹಾಕುತ್ತಾರೆ, ಅನ್ನಕ್ಕೆ ಕೋಳಿ ಬೇಯಿಸಿದ ನೀರನ್ನು ಹಾಕುವುದುಂಟು, ‘ಕುರು ಫಸುಲ್ಯೆ’ ಎಂಬ ಬಿಳಿ ಬೀಜದ ಪಲ್ಯದಲ್ಲಿ ಮಾಂಸದ ತುಂಡುಗಳೇ ಇರುವುದುಂಟು. ಆದ್ದರಿಂದ ‘ಎತ್ ಯೆಮಿಯೊರುಮ್’, ಅಂದರೆ ‘ನಾನು ಮಾಂಸ ತಿನ್ನುವುದಿಲ್ಲ’ ಎಂದು ಹೇಳಿ ಸುಮ್ಮನಾದರೆ ಸಾಲದು. ಕೋಳಿಯನ್ನೂ ಮೀನನ್ನೂ ಅಲ್ಲಿ ಹಲವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ತಾವುಕ್’ ಎಂದರೆ ಕೋಳಿ, ‘ಬಾಲಿಕ್’ ಎಂದರೆ ಮೀನು. ಎರಡನ್ನೂ ಹೆಸರಿಸಿ ಬೇಡವೆನ್ನಿ. ಬಳಿಕ ‘ಎತ್ ಸುಯು ವಾರ್ ಮಿ?’ ಎಂದು ಕೇಳಿದರೆ, ಮಾಂಸ ಬೇಯಿಸಿದ ನೀರು ಇದೆಯೇ ಇಲ್ಲವೇ ಎಂಬುದಕ್ಕೆ ನೇರ ಉತ್ತರ ಸಿಗುತ್ತದೆ.

ನೆಮ್ಮದಿಯಿಂದ ತಿನ್ನಬಹುದಾದ ಪದಾರ್ಥಗಳಲ್ಲಿ ಮೊದಲನೆಯ ಸ್ಥಾನ ‘ಜೆಯ್ತಿನ್‌ಯಾಲಿ’ ಎಂಬ ಬಳಗಕ್ಕೆ ಸಲ್ಲಬೇಕು. ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿ, ತಣಿಯಲು ಬಿಟ್ಟು ಬಡಿಸುವ ಈ ಅಡುಗೆಗಳಲ್ಲಿ ಮಾಂಸವಿರುವುದಿಲ್ಲ. ದ್ರಾಕ್ಷಿ ಎಲೆಯೊಳಗೆ ಅಕ್ಕಿ, ಸಣ್ಣ ಒಣದ್ರಾಕ್ಷಿ, ಚಿಲ್ಗೋಜಾ ಬೀಜ ತುಂಬಿ ಸುತ್ತಿದ ‘ಯಾಪ್ರಾಕ್ ಸರ್ಮಾ’ ಇದಕ್ಕೆ ಉದಾಹರಣೆ. ಇದೇ ಸುರುಳಿಯನ್ನು ಬಿಸಿಯಾಗಿ, ಮೇಲೆ ಮೊಸರು ಹಾಕಿ ಕೊಟ್ಟರೆ ಒಳಗೆ ಕೈಮಾ ಇರುವ ಸಂಭವ ಹೆಚ್ಚು. ಬದನೆಕಾಯಿಯಲ್ಲೂ ಇಂಥ ಜೋಡಿಯಿದೆ: ‘ಇಮಾಮ್ ಬಾಯಿಲ್ದಿ’ಯಲ್ಲಿ ಈರುಳ್ಳಿ ಮತ್ತು ಟೊಮೆಟೊ, ‘ಕಾರ್ನಿಯಾರಿಕ್’ನಲ್ಲಿ ಕೈಮಾ. ತಣ್ಣಗಿದ್ದರೆ ನಿಮ್ಮದು, ಬಿಸಿಯಿದ್ದರೆ ಕೇಳಿ ತಿಳಿದುಕೊಳ್ಳಿ ಎಂಬುದನ್ನು ಒರಟು ಲೆಕ್ಕವಾಗಿ ಇಟ್ಟುಕೊಳ್ಳಬಹುದು.

ಹೆಸರು ನೋಡಿ ಹೆದರಿ ಬಿಟ್ಟುಬಿಡುವ ತಿನಿಸುಗಳೂ ಕೆಲವಿವೆ. ‘ಚೀ ಕೋಫ್ತೆ’ ಹಿಂದೆ ಹಸಿ ಮಾಂಸದಿಂದ ಮಾಡುತ್ತಿದ್ದ ತಿನಿಸು. ಹಸಿ ಮಾಂಸದ ಮಾರಾಟಕ್ಕೆ ಆರೋಗ್ಯದ ಕಾರಣದಿಂದ ನಿಷೇಧ ಬಂದ ಮೇಲೆ, ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚು, ಮೆಣಸಿನಕಾಯಿ ಮತ್ತು ಟೊಮೆಟೊ ಸಾರ ನಾದಿ ಮಾಡಿದ ಖಾರದ ಉಂಡೆ ಮಾತ್ರ. ಲೆಟ್ಯೂಸ್ ಎಲೆಯಲ್ಲಿಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ಖಾರ ಬಯಸುವ ನಾಲಿಗೆಗೆ ಇಸ್ತಾಂಬುಲ್‌ನಲ್ಲಿ ಇದು ದೊಡ್ಡ ಆಸರೆ. ‘ಮೆರ್ಜಿಮೆಕ್ ಕೋಫ್ತೆ’ ಬೇಳೆಯದು. ಚೀಸ್ ಅಥವಾ ಪಾಲಕ್ ತುಂಬಿದ ಬೋರೆಕ್ ಎಂಬ ಪದರದ ತಿನಿಸು, ಹೆಂಚಿನ ಮೇಲೆ ಬೇಯಿಸುವ ಗೋಜ್ಲೆಮೆ ಎಂಬ ಮಡಿಸಿದ ರೊಟ್ಟಿ, ಮೊಟ್ಟೆ ತಿನ್ನುವವರಿಗೆ ಟೊಮೆಟೊದೊಂದಿಗೆ ಮೊಟ್ಟೆ ಬೇಯಿಸಿದ ಮೆನೆಮೆನ್ ಎಲ್ಲೆಡೆ ಸಿಗುತ್ತವೆ.

ಸಿಹಿ ತಿನಿಸುಗಳಂತೂ ಸಸ್ಯಾಹಾರವೇ ಅಲ್ಲವೇ?

ಒಂದೆರಡನ್ನು ಬಿಟ್ಟು. ಹಾಲಿನ ಸಿಹಿಗಳಿಗೆಂದೇ ಇರುವ ‘ಮುಹಲ್ಲೆಬಿಜಿ’ ಎಂಬ ಅಂಗಡಿಗಳಲ್ಲಿ ಬೆಳ್ಳಗೆ, ನುಣ್ಣಗೆ ಹೊಳೆಯುವ ‘ತಾವುಕ್ ಗೋಸು’ ಎಂಬ ಪಾಯಸವಿರುತ್ತದೆ. ಅದನ್ನು ಕೋಳಿಯ ಎದೆ ಮಾಂಸವನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಹಾಲು ಸಕ್ಕರೆಯೊಂದಿಗೆ ಕುದಿಸಿ ಮಾಡುತ್ತಾರೆ. ಬಾಯಿಗಿಟ್ಟರೂ ಕೋಳಿಯೆಂದು ತಿಳಿಯುವುದಿಲ್ಲ. ಅದೇ ಪಾಯಸದ ತಳವನ್ನು ಕಂದಾಗುವಂತೆ ಸೀಯಿಸಿ ಸುರುಳಿ ಸುತ್ತಿದರೆ ‘ಕಜಾನ್‌ದಿಬಿ’. ಇದನ್ನು ಈಗ ಹಲವರು ಕೋಳಿಯಿಲ್ಲದೆ ಮಾಡುತ್ತಾರಾದರೂ ಕೇಳದೆ ತಿನ್ನಬಾರದು. ಅಕ್ಕಿಯ ‘ಸುತ್ಲಾಚ್’, ಗೋಧಿ, ಕಡಲೆ ಮತ್ತು ಒಣಹಣ್ಣುಗಳ ‘ಆಶುರೆ’, ತೆಳು ಹಿಟ್ಟಿನ ಹಾಳೆಗಳ ನಡುವೆ ಬೀಜ ತುಂಬಿ ಪಾಕ ಹುಯ್ದ ಬಕ್ಲಾವಾ ಇವುಗಳಿಗೆ ಆ ಭಯವಿಲ್ಲ. ಲೋಕುಮ್ ಎಂಬ ಮೆತ್ತನೆಯ ಮಿಠಾಯಿ ಕೂಡ ಸಾಂಪ್ರದಾಯಿಕ ವಿಧಾನದಲ್ಲಿ ಸಕ್ಕರೆ ಮತ್ತು ಪಿಷ್ಟದಿಂದಲೇ ಆಗುತ್ತದೆ. ಸಿರ್ಕೆಜಿಯಿಂದ ಎಮಿನೊನುವಿಗೆ ಹೋಗುವ ದಾರಿಯಲ್ಲಿ, 1777ರಲ್ಲಿ ಸ್ಥಾಪನೆಯಾದ ಹಾಜಿ ಬೆಕಿರ್ ಮಳಿಗೆಯಲ್ಲಿ ಅದನ್ನು ಸ್ವಲ್ಪವೇ ತೂಗಿಸಿಕೊಂಡು ರುಚಿ ನೋಡಬಹುದು.

ಬಕ್ಲಾವಾದ ಬಗ್ಗೆ ಒಂದು ಮಾತು. ಅದು ಇಸ್ತಾಂಬುಲ್ ಅರಮನೆಯಲ್ಲಿ ಮೆರೆದ ತಿನಿಸಾದರೂ ಇಂದಿನ ಒಳ್ಳೆಯ ಅಂಗಡಿಗಳು ಆಗ್ನೇಯದ ಗಾಜಿಯಂತೆಪ್‌ನ ಹೆಸರು ಹೇಳುತ್ತವೆ. ಅಲ್ಲಿನ ಬಕ್ಲಾವಾ 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಪಡೆದ ಮೊದಲ ತುರ್ಕಿ ಉತ್ಪನ್ನ. ಗೋಲ್ಡನ್ ಹಾರ್ನ್ ಮೇಲಿನ ಗಲಾಟಾ ಸೇತುವೆಯಾಚೆಯ ಕಾರಾಕೊಯ್‌ನಲ್ಲಿರುವ ಗುಲ್ಲುಓಲು ಆ ಊರಿನ ಪರಂಪರೆಯ ಅಂಗಡಿ. ತುಂಡನ್ನು ತಲೆಕೆಳಗಾಗಿ ಬಾಯಿಗಿಟ್ಟುಕೊಳ್ಳಿ ಎಂದು ಅಲ್ಲಿನವರು ಹೇಳುವುದುಂಟು: ಪಾಕ ಹೀರಿದ ತಳ ಅಂಗುಳಿಗೆ ಮೊದಲು ತಾಗುತ್ತದೆ.

ದನದ ಮಾಂಸ ತಿನ್ನದ ಮಾಂಸಾಹಾರಿಗಳು ಏನು ಗಮನಿಸಬೇಕು?

‘ಕುಜು’ ಎಂದರೆ ಕುರಿಮರಿ, ‘ತಾವುಕ್’ ಎಂದರೆ ಕೋಳಿ, ‘ದಾನಾ’ ಎಂದರೆ ಎಳೆ ದನದ ಮಾಂಸ. ಕೊನೆಯದನ್ನು ಕನ್ನಡಿಗರು ಮರೆಯುವ ಸಂಭವವಿಲ್ಲ. ಕೋಫ್ತೆ, ಡೋನರ್, ಸುಜುಕ್ ಎಂಬ ಸಾಸೇಜ್ ಮತ್ತು ಪಾಸ್ತಿರ್ಮಾ ಎಂಬ ಒಣಮಾಂಸ ಸಾಮಾನ್ಯವಾಗಿ ದನದ್ದೇ ಆಗಿರುತ್ತವೆ ಅಥವಾ ಮಿಶ್ರವಾಗಿರುತ್ತವೆ. ಕುರಿಮಾಂಸದ ಖಾತರಿ ಬೇಕಾದವರಿಗೆ ನಡಿಗೆಯ ಕೊನೆಯ ತಾಣವಾದ ಕಾದಿನ್ಲಾರ್ ಪಜಾರಿ ಒಳ್ಳೆಯ ಸ್ಥಳ. ಆಗ್ನೇಯ ತುರ್ಕಿಯ ಸಿಯಿರ್ತ್‌ನಿಂದ ಬಂದು ನೆಲೆಸಿದವರು ಅಲ್ಲಿ ಕುರಿಯನ್ನು ನೆಲದಲ್ಲಿ ತೋಡಿದ ಬಾವಿಯಂಥ ಒಲೆಯೊಳಗೆ ತೂಗುಹಾಕಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಬೇಯಿಸಿ ‘ಬುರ್ಯಾನ್’ ತಯಾರಿಸುತ್ತಾರೆ. ಬೆಳಿಗ್ಗೆಯೇ ಮಾರಾಟ ಆರಂಭವಾಗುತ್ತದೆಯಾದ್ದರಿಂದ, ಇದನ್ನೇ ಗುರಿಯಾಗಿಸಿಕೊಂಡವರು ನಡಿಗೆಯನ್ನು ತಿರುವುಮುರುವು ಮಾಡಿ ಅಲ್ಲಿಂದ ಆರಂಭಿಸಿ ಕೊಲ್ಲಿಯತ್ತ ಇಳಿಯಬಹುದು. ಹತ್ತುವ ಶ್ರಮವೂ ಕಡಿಮೆಯಾಗುತ್ತದೆ.

ಎಮಿನೊನುವಿನ ಮೀನು ಬ್ರೆಡ್ಡು ಅಷ್ಟು ಹೆಸರು ಮಾಡಿದ್ದೇಕೆ? ಅದು ಅಲ್ಲಿಯೇ ಹಿಡಿದ ಮೀನೇ?

ಗಲಾಟಾ ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ಗಾಳದವರನ್ನು ನೋಡಿದವರು ಹಾಗೆಂದು ಭಾವಿಸುವುದು ಸಹಜ. ಆದರೆ ‘ಬಾಲಿಕ್ ಎಕ್ಮೆಕ್’ನಲ್ಲಿರುವುದು ಬಹುಮಟ್ಟಿಗೆ ನಾರ್ವೆ ಕಡೆಯಿಂದ ಹೆಪ್ಪುಗಟ್ಟಿಸಿ ತಂದ, ಬಂಗುಡೆಯ ಬಳಗದ ಮೀನು. ಕಾದ ತಗಡಿನ ಮೇಲೆ ಹುರಿದು, ಅರ್ಧ ಉದ್ದದ ಬ್ರೆಡ್ಡಿನೊಳಗೆ ಈರುಳ್ಳಿ ಮತ್ತು ಲೆಟ್ಯೂಸ್‌ನೊಂದಿಗೆ ಇಟ್ಟುಕೊಡುತ್ತಾರೆ. ಮುಳ್ಳು ನೋಡಿಕೊಂಡು ತಿನ್ನಬೇಕು. ರುಚಿಗಿಂತ ಸ್ಥಳದ ಸೊಗಸೇ ಇಲ್ಲಿ ಹೆಚ್ಚು ಎಂದು ನಮಗೆ ಅನಿಸುತ್ತದೆ. ಪಕ್ಕದಲ್ಲೇ ಲೋಟದಲ್ಲಿ ಮಾರುವ ಕೆಂಪನೆಯ ಉಪ್ಪಿನಕಾಯಿ ನೀರನ್ನು ಮಾತ್ರ ಬಿಡಬೇಡಿ. ಎಲೆಕೋಸು, ಸೌತೆಕಾಯಿ ತೇಲುವ ಆ ಹುಳಿ ನೀರು ಮೀನಿನ ಜಿಡ್ಡನ್ನು ಕತ್ತರಿಸುತ್ತದೆ.

ಸ್ಥಳೀಯ ಮೀನು ಬೇಕಾದರೆ ಹಂಗಾಮು ನೋಡಬೇಕು. ದೊಡ್ಡ ದೋಣಿಗಳ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಆಗಸ್ಟ್ ಕೊನೆಯವರೆಗೆ ನಿಷೇಧವಿದ್ದು, ಸೆಪ್ಟೆಂಬರ್ 1ರಂದು ಅದು ತೆರವಾಗುತ್ತದೆ. ಶರತ್ಕಾಲದಲ್ಲಿ ಪಾಲಾಮುತ್ ಮತ್ತು ಲುಫೆರ್, ಚಳಿಗಾಲದಲ್ಲಿ ಕಪ್ಪು ಸಮುದ್ರದ ಹಮ್ಸಿ ಎಂಬ ಸಣ್ಣ ಮೀನು ಮಾರುಕಟ್ಟೆ ತುಂಬುತ್ತವೆ.

ಬೀದಿಯಲ್ಲಿ ಮಾರುವ ಅನ್ನ ತುಂಬಿದ ಮಳಿಯನ್ನು (ಒಂದು ಬಗೆಯ ಕಡಲ ಚಿಪ್ಪುಜೀವಿ) ತಿನ್ನಬಹುದೇ?

‘ಮಿದ್ಯೆ ದೊಲ್ಮಾ’ವನ್ನು ಚಳಿಗಾಲದಲ್ಲಿ, ಜನ ಮುತ್ತಿಕೊಂಡಿರುವ, ಬೇಗ ಬೇಗ ಖಾಲಿಯಾಗುವ ಅಂಗಡಿಯಲ್ಲಿ ತಿನ್ನಬಹುದು. ಬೇಸಿಗೆಯ ಮಧ್ಯಾಹ್ನ, ಮಂಜುಗಡ್ಡೆಯಿಲ್ಲದ ತಟ್ಟೆಯಲ್ಲಿ ಬಿಸಿಲು ಕಾಯುತ್ತಿರುವುದನ್ನು ಖಂಡಿತ ಬೇಡ. ಮಳಿ ತಾನಿರುವ ನೀರನ್ನೇ ಸೋಸಿ ಬದುಕುವ ಜೀವಿಯಾದ್ದರಿಂದ ನೀರಿನ ಕಲ್ಮಶ ಅದರಲ್ಲಿ ಸೇರುತ್ತದೆ.

ಕಾಫಿ ಎಲ್ಲಿ ಕುಡಿಯಬೇಕು, ಹೇಗೆ ಕೇಳಬೇಕು?

ಈ ದಾರಿಯಲ್ಲಿ ಕಾಫಿಗೆ ವಿಶೇಷ ಹಕ್ಕಿದೆ. 1550ರ ದಶಕದಲ್ಲಿ ಅಲೆಪ್ಪೊ ಮತ್ತು ಡಮಾಸ್ಕಸ್‌ನಿಂದ ಬಂದ ಇಬ್ಬರು ತಹ್ತಾಕಲೆಯಲ್ಲಿ ನಗರದ ಮೊದಲ ಕಾಫಿ ಮನೆಗಳನ್ನು ತೆರೆದರೆಂದು ಒಟ್ಟೋಮನ್ ಇತಿಹಾಸಕಾರ ಇಬ್ರಾಹಿಂ ಪೆಚೆವಿ ದಾಖಲಿಸಿದ್ದಾನೆ. ಜನ ಅಲ್ಲಿ ಸೇರಿ ಆಡಳಿತದ ವಿಷಯ ಮಾತನಾಡುತ್ತಾರೆಂಬ ಅಳುಕಿನಿಂದ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ಅವುಗಳನ್ನು ಮುಚ್ಚಿಸಿದ. ಆದರೆ ಆ ನಿಷೇಧ ಶಾಶ್ವತವಾಗಿ ಉಳಿಯಲಿಲ್ಲ. ಸಾಂಬಾರ ಮಾರುಕಟ್ಟೆಯ ಪಶ್ಚಿಮದ ಬಾಗಿಲಿನಿಂದ ಹೊರಬಂದರೆ ಹುರಿದ ಕಾಫಿಯ ವಾಸನೆಯೇ ದಾರಿ ತೋರಿಸುತ್ತದೆ. 1871ರಲ್ಲಿ ಆರಂಭವಾದ ಕುರುಕಹ್ವೆಜಿ ಮೆಹ್ಮೆತ್ ಎಫೆಂದಿ ಮಳಿಗೆಯ ಕಿಟಕಿಯ ಮುಂದೆ ಸಾಲು ನಿಂತಿರುತ್ತದೆ. ಅಲ್ಲಿ ಪುಡಿಯನ್ನು ಕಟ್ಟಿಸಿಕೊಳ್ಳಬಹುದು. ಕುಡಿಯಲು ಗಲ್ಲಿಯೊಳಗಿನ ಯಾವುದಾದರೂ ಹಾನ್‌ನ (ಹಳೆಯ ವರ್ತಕರ ಕಟ್ಟಡ) ಅಂಗಳದಲ್ಲಿ ಕುಳಿತರಾಯಿತು.

ಸಕ್ಕರೆಯನ್ನು ಕಾಫಿಯೊಂದಿಗೇ ಕುದಿಸುವುದರಿಂದ ಕೇಳುವಾಗಲೇ ಹೇಳಬೇಕು: ಸಕ್ಕರೆ ಬೇಡವಾದರೆ ‘ಸಾದೆ’, ಹದವಾಗಿ ಬೇಕಾದರೆ ‘ಓರ್ತಾ’, ಹೆಚ್ಚು ಬೇಕಾದರೆ ‘ಶೆಕೆರ್ಲಿ’. ಹಾಲಿನ ಪ್ರಶ್ನೆಯೇ ಇಲ್ಲ. ಬಟ್ಟಲು ಬಂದ ಮೇಲೆ ಗಷ್ಟು ತಳಕ್ಕೆ ಕೂರಲು ತುಸು ಹೊತ್ತು ಬಿಡಿ, ತಳದ ಕೆಸರನ್ನು ಕುಡಿಯಬೇಡಿ. ಈ ಕಾಫಿಯ ಸಂಸ್ಕೃತಿ 2013ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಹೀಗಿದ್ದರೂ ದಿನವಿಡೀ ಜನ ಕುಡಿಯುವುದು ಚಹಾ. ಅದು ಈಚಿನ ರೂಢಿ: ಕಪ್ಪು ಸಮುದ್ರದ ದಡದ ರಿಜೆಯಲ್ಲಿ ಗಣರಾಜ್ಯದ ಕಾಲದಲ್ಲಿ ತೋಟಗಳು ಹಬ್ಬಿ, 1947ರಲ್ಲಿ ಕಾರ್ಖಾನೆ ಬಂದ ಮೇಲೆ ಚಹಾ ಮನೆಮನೆಯದಾಯಿತು. ಸಗಟು ಬೀದಿಯಲ್ಲಿ ನೀವು ಅಂಗಡಿಯವರೊಡನೆ ನಾಲ್ಕು ಮಾತನಾಡಿದರೆ, ತೂಗುತಟ್ಟೆಯಲ್ಲಿ ಸೊಂಟ ಸಣ್ಣಗಿರುವ ಗಾಜಿನ ಲೋಟ ನಿಮಗೂ ಬರುತ್ತದೆ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ.

ಸುಲೇಮಾನಿಯೆ ಮಸೀದಿಯ ಎದುರಿನ ಬಿಳಿ ಹುರುಳಿಕಾಯಿ ಬೀಜದ ಅಂಗಡಿಗಳ ವಿಶೇಷವೇನು?

ಸಿನಾನ್ ಎಂಬ ವಾಸ್ತುಶಿಲ್ಪಿ 1550ರಿಂದ 1557ರ ನಡುವೆ ಕಟ್ಟಿದ ಈ ಮಸೀದಿ ಒಂದು ಪ್ರಾರ್ಥನಾ ಮಂದಿರ ಮಾತ್ರವಾಗಿರಲಿಲ್ಲ. ಪಾಠಶಾಲೆಗಳು, ಆಸ್ಪತ್ರೆ, ಸ್ನಾನಗೃಹ ಮತ್ತು ‘ಇಮಾರೆತ್’ ಎಂಬ ಅನ್ನಛತ್ರ ಅದರ ಸಂಕೀರ್ಣದಲ್ಲಿದ್ದವು. ವಿದ್ಯಾರ್ಥಿಗಳಿಗೂ ಪ್ರಯಾಣಿಕರಿಗೂ ಬಡವರಿಗೂ ಅಲ್ಲಿ ಊಟ ಸಿಗುತ್ತಿತ್ತು. ಅದೇ ಪಾಠಶಾಲೆಯ ಕಟ್ಟಡದ ಕಮಾನುಗಳ ಕೆಳಗೆ ಇಂದು ‘ಕುರು ಫಸುಲ್ಯೆ’ ಬಡಿಸುವ ಅಂಗಡಿಗಳ ಸಾಲಿದೆ. ಬೀಜ ಒಡೆಯದಂತೆ, ಆದರೆ ನಾಲಿಗೆಯ ಒತ್ತಿಗೆ ಕರಗುವಂತೆ ಬೆಂದಿರಬೇಕು ಎಂಬುದು ಅದರ ಹದ. ಜೊತೆಗೆ ಬೆಣ್ಣೆ ಹಾಕಿದ ಅನ್ನ, ಹಸಿ ಈರುಳ್ಳಿ, ಉಪ್ಪಿನಕಾಯಿ ಮತ್ತು ಆಯ್ರಾನ್ ಎಂಬ ಉಪ್ಪು ಮಜ್ಜಿಗೆ. ಇಡೀ ನಡಿಗೆಯಲ್ಲಿ ಕನ್ನಡಿಗರ ಊಟಕ್ಕೆ ಅತ್ಯಂತ ಸಮೀಪದ್ದು ಇದೇ.

ಬೋಜಾ ಮದ್ಯವೇ? ಯಾವಾಗ ಸಿಗುತ್ತದೆ?

ಸಿರಿಧಾನ್ಯವನ್ನು ಬೇಯಿಸಿ, ಸೋಸಿ, ಸಕ್ಕರೆ ಬೆರೆಸಿ ಹುದುಗು ಬರಿಸಿದ ಗಟ್ಟಿ ಪಾನೀಯವಿದು. ಹುದುಗುವಿಕೆಯಿಂದ ಶೇ 1ರಷ್ಟು ಆಲ್ಕೊಹಾಲ್ ಇರಬಹುದಾದರೂ ಮಕ್ಕಳಿಂದ ವೃದ್ಧರವರೆಗೆ ಎಲ್ಲರೂ ಕುಡಿಯುತ್ತಾರೆ. ಹನಿಯೂ ಬೇಡ ಎನ್ನುವವರು ಬಿಟ್ಟುಬಿಡಬಹುದು. ಚಳಿಗಾಲದ ಪಾನೀಯವಾದ್ದರಿಂದ ಬೇಸಿಗೆಯಲ್ಲಿ ಅದನ್ನು ನಂಬಿ ಹೋಗಬೇಡಿ. 1876ರಿಂದ ನಡೆದು ಬಂದಿರುವ ವೆಫಾ ಬೋಜಾಜಿಸಿಯಲ್ಲಿ ಲೋಟದ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ, ಚಮಚದೊಂದಿಗೆ ಕೊಡುತ್ತಾರೆ. ಮೇಲೆ ಹಾಕಿಕೊಳ್ಳಲು ಹುರಿಗಡಲೆಯನ್ನು ಎದುರಿನ ಅಂಗಡಿಯಲ್ಲಿ ಬಿಸಿಯಾಗಿ ಕೊಂಡು ತರುವುದು ವಾಡಿಕೆ. ಮೊದಲ ಗುಟುಕಿಗೆ ಹುಳಿ ಹಿಟ್ಟಿನ ಗಂಜಿಯೆನಿಸಿ ಮುಖ ಕಿವಿಚುವವರೂ ಲೋಟದ ಅರ್ಧಕ್ಕೆ ಬರುವಷ್ಟರಲ್ಲಿ ಒಗ್ಗಿಕೊಳ್ಳುತ್ತಾರೆ. ಒಗ್ಗದವರೂ ಇದ್ದಾರೆ.

ಸಾಂಬಾರ ಮಾರುಕಟ್ಟೆಯಲ್ಲಿ ಏನು ಕೊಳ್ಳಬೇಕು, ಏನನ್ನು ಬಿಡಬೇಕು?

‘ಮಿಸಿರ್ ಚಾರ್ಶಿಸಿ’ ಎಂಬ ಈ ಕಮಾನು ಮಾರುಕಟ್ಟೆಯನ್ನು 1660ರ ದಶಕದಲ್ಲಿ ಪಕ್ಕದ ಹೊಸ ಮಸೀದಿಯ ಸಂಕೀರ್ಣದ ಭಾಗವಾಗಿ ಕಟ್ಟಲಾಯಿತು. ಅಂಗಡಿಗಳ ಬಾಡಿಗೆ ಮಸೀದಿಯ ಖರ್ಚಿಗೆ ಹೋಗುತ್ತಿತ್ತು. ಒಳಗೆ ನೋಡಿ, ಹೊರಗೆ ಕೊಳ್ಳಿ ಎಂಬುದು ನಮ್ಮ ಸಲಹೆ. ಗೋಡೆಗೆ ಒತ್ತಿಕೊಂಡಿರುವ ಹೊರಬದಿಯ ಬೀದಿಗಳಲ್ಲಿ ಇಸ್ತಾಂಬುಲ್‌ನವರೇ ಚೀಸ್, ಆಲಿವ್, ಒಣಹಣ್ಣು ಕೊಳ್ಳುತ್ತಾರೆ, ಮತ್ತು ಬೆಲೆ ಅದಕ್ಕೆ ತಕ್ಕಂತೆ ಇರುತ್ತದೆ.

ಅಗ್ಗದ ಕೇಸರಿಯನ್ನು ಕೊಳ್ಳಬೇಡಿ. ಅದು ಹೆಚ್ಚಾಗಿ ಕುಸುಬೆಯ ಹೂವಿನ ಎಸಳು. ‘ಭಾರತದ ಕೇಸರಿ’ ಎಂಬ ಚೀಟಿ ಚುಚ್ಚಿದ ಹಳದಿ ಗುಡ್ಡೆ ನಮ್ಮ ಅರಿಶಿನವೇ ಆಗಿರುತ್ತದೆ. ಕೊಳ್ಳಲು ಯೋಗ್ಯವಾದವು ನಮ್ಮಲ್ಲಿ ಸುಲಭವಾಗಿ ಸಿಗದಂಥವು: ಹುಳಿಗೆ ಬಳಸುವ ಕೆಂಗಂದು ‘ಸುಮಾಕ್’, ಉರ್ಫಾ ಕಡೆಯ ಕಪ್ಪು ಛಾಯೆಯ ‘ಇಸೋತ್’ ಮೆಣಸಿನ ತರಿ, ದಾರಕ್ಕೆ ಪೋಣಿಸಿದ ಒಣ ಬದನೆಕಾಯಿಯ ಚಿಪ್ಪುಗಳು. ದಾಳಿಂಬೆಯ ಹುಳಿ ಸಾರ ಕೊಳ್ಳುವಾಗ ಬಾಟಲಿಯ ಮೇಲೆ ‘ನಾರ್ ಎಕ್ಶಿಸಿ’ ಎಂದಿದೆಯೇ ನೋಡಿ. ‘ನಾರ್ ಎಕ್ಶಿಲಿ ಸೋಸ್’ ಎಂದಿದ್ದರೆ ಅದು ಸಕ್ಕರೆ ಪಾಕಕ್ಕೆ ದಾಳಿಂಬೆಯ ರುಚಿ ಕೊಟ್ಟದ್ದು. ಪದಾರ್ಥಗಳ ಪಟ್ಟಿಯಲ್ಲಿ ದಾಳಿಂಬೆ ಬಿಟ್ಟು ಬೇರೇನೂ ಇರಬಾರದು.

ಹಣ ಎಷ್ಟು ಬೇಕಾಗುತ್ತದೆ? ಮೋಸ ಹೋಗದಿರಲು ಏನು ಮಾಡಬೇಕು?

ಹಣದುಬ್ಬರದಿಂದಾಗಿ ಲಿರಾ ಬೆಲೆಗಳು ಬೇಗ ಬೇಗ ಏರುವುದರಿಂದ ಇಲ್ಲಿ ಬರೆದ ಯಾವ ಅಂಕಿಯೂ ಬಹುಕಾಲ ನಿಲ್ಲದು. ಹಳೆಯ ಪ್ರವಾಸ ಕಥನಗಳ ಬೆಲೆಗಳನ್ನು ನಂಬಬೇಡಿ. ಊಟದ ಮನೆಗಳು ಬಾಗಿಲಲ್ಲಿ ಬೆಲೆಪಟ್ಟಿ ಹಾಕಬೇಕೆಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಪಟ್ಟಿ ಕಾಣದ ಕಡೆ, ಅದರಲ್ಲೂ ಸೇತುವೆಯ ಕೆಳಗಿನ ಮೀನಿನ ಹೋಟೆಲುಗಳಲ್ಲಿ, ಕೂರುವ ಮೊದಲೇ ಕೇಳಿ. ಮೀನನ್ನು ತೂಕದ ಲೆಕ್ಕದಲ್ಲಿ ಕೊಡುವುದಾದರೆ ತೂಗಿಸಿ, ಒಟ್ಟು ಬೆಲೆ ಹೇಳಿಸಿಕೊಳ್ಳಿ. ಕೇಳದೆಯೇ ತಂದಿಟ್ಟ ಸಣ್ಣ ತಟ್ಟೆಗಳು ಬಿಟ್ಟಿಯೆಂದು ಭಾವಿಸದೆ ವಾಪಸು ಕಳುಹಿಸಿ. ಅಂಗಡಿಗಳಲ್ಲಿ ಕಾರ್ಡು ನಡೆಯುತ್ತದೆ, ತಳ್ಳುಗಾಡಿಗೆ ಚಿಲ್ಲರೆ ಬೇಕು. ಕುಳಿತು ಉಂಡ ಕಡೆ ಸುಮಾರು ಶೇ 10ರಷ್ಟು ಭಕ್ಷೀಸು ಕೊಡುವುದು ರೂಢಿ.

ನಿಮ್ಮ ಮುಂದೆ ನಡೆಯುತ್ತಿರುವ ಬೂಟ್ ಪಾಲಿಶ್‌ನವನ ಬ್ರಷ್ ಕೆಳಗೆ ಬಿದ್ದರೆ, ಎತ್ತಿಕೊಟ್ಟವರ ಬೂಟಿಗೆ ‘ಕೃತಜ್ಞತೆ’ಯಿಂದ ಪಾಲಿಶ್ ಹಾಕಿ ಹಣ ಕೇಳುವುದು ಹಳೆಯ ಆಟ.

ಕಡಲೆಕಾಯಿ, ಪಿಸ್ತಾಗಳ ಅಲರ್ಜಿ ಇರುವವರು ಹೋಗಬಹುದೇ?

ಹೋಗಬಹುದು, ಆದರೆ ಸಿಹಿ ಅಂಗಡಿಗಳನ್ನು ದೂರವಿಡಬೇಕು. ಪಿಸ್ತಾ, ಹೇಝಲ್‌ನಟ್, ಅಕ್ರೋಟುಗಳನ್ನು ಒಂದೇ ಮೇಜಿನಲ್ಲಿ, ಒಂದೇ ಚಾಕುವಿನಲ್ಲಿ ಕತ್ತರಿಸುತ್ತಾರೆ. ಎಳ್ಳಿನ ಅಲರ್ಜಿಯವರಿಗೆ ಬೇಕರಿಗಳೂ ಸಲ್ಲವು. ಅಲರ್ಜಿಯ ವಿವರವನ್ನು ತುರ್ಕಿ ಭಾಷೆಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ, ಔಷಧವೂ ಇರಲಿ.

ರಂಜಾನ್ ತಿಂಗಳಲ್ಲಿ ನಡಿಗೆ ಇಟ್ಟುಕೊಳ್ಳಬಹುದೇ?

ಪ್ರವಾಸಿ ಪ್ರದೇಶಗಳಲ್ಲಿ ಹಗಲಿಗೂ ಊಟ ಸಿಗುತ್ತದೆ. ಆದರೆ ಎಸ್ನಾಫ್ ಲೊಕಾಂತಾಗಳಲ್ಲಿ ಕೆಲವು ಮುಚ್ಚಿರುತ್ತವೆ, ಫಾತಿಹ್ ಬಡಾವಣೆಯ ಬೀದಿಗಳಲ್ಲಿ ತಿನ್ನುತ್ತ ನಡೆಯುವುದು ಸೌಜನ್ಯವೂ ಅಲ್ಲ. ಆ ತಿಂಗಳು ನಡಿಗೆಯನ್ನು ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಆರಂಭಿಸಿ. ರಂಜಾನ್ ಪಿದೆ ಎಂಬ ಬೆರಳಚ್ಚಿನ ವಿನ್ಯಾಸದ ರೊಟ್ಟಿಗಾಗಿ ಬೇಕರಿಗಳ ಮುಂದೆ ಸಾಲು ಬೆಳೆಯುವುದನ್ನು ನೋಡಬಹುದು, ಹಾಲಿನಲ್ಲಿ ನೆನೆಸಿದ ತೆಳು ಹಾಳೆಗಳ ‘ಗುಲ್ಲಾಚ್’ ಎಂಬ ಸಿಹಿ ತಿನ್ನಬಹುದು.

ವಯಸ್ಸಾದವರಿಗೆ, ಮಕ್ಕಳಿಗೆ ದಾರಿ ಕಷ್ಟವಾಗುವುದೇ? ಶೌಚಾಲಯ, ಕುಡಿಯುವ ನೀರಿನ ವ್ಯವಸ್ಥೆ ಹೇಗೆ?

ತಹ್ತಾಕಲೆಯಿಂದ ಸುಲೇಮಾನಿಯೆವರೆಗಿನ ಏರು ಕಡಿದಾಗಿದೆ, ಕಲ್ಲುಹಾಸು ಮಳೆಗೆ ಜಾರುತ್ತದೆ. ಅದೇ ಬೀದಿಗಳಲ್ಲಿ ಮೂಟೆ ಹೊತ್ತವರೂ ಕೈಗಾಡಿಗಳೂ ನುಗ್ಗುತ್ತಿರುತ್ತವೆ. ಮಂಡಿ ನೋವಿರುವವರು ಟಿ1 ಟ್ರಾಮಿನಲ್ಲಿ ಬೆಯಾಜಿತ್‌ಗೆ ಹೋಗಿ, ಅಲ್ಲಿಂದ ಸುಲೇಮಾನಿಯೆ ಕಡೆಗೆ ಹೆಚ್ಚು ಏರಿಲ್ಲದ ದಾರಿಯಲ್ಲಿ ನಡೆದು, ಬಳಿಕ ಎಮಿನೊನುವಿಗೆ ಇಳಿಯುವುದು ಸುಖ. ಶೌಚಾಲಯ ಹೆಚ್ಚಿನ ಮಸೀದಿಗಳ ಪಕ್ಕದಲ್ಲಿದೆ. ಕೆಲವು ಕಡೆ ಸಣ್ಣ ಶುಲ್ಕವಿರುತ್ತದೆ. ಕುಡಿಯಲು ಊರಿನವರೂ ಸಾಮಾನ್ಯವಾಗಿ ಬಾಟಲಿ ನೀರನ್ನೇ ಬಳಸುತ್ತಾರೆ.

ಇನ್ನೊಂದು ದಿನ ಸಿಕ್ಕರೆ ಎಲ್ಲಿಗೆ ಹೋಗಬೇಕು?

ಎಮಿನೊನುವಿನಿಂದ ದೋಣಿ ಹತ್ತಿ, ಸುಮಾರು ಇಪ್ಪತ್ತು ನಿಮಿಷದಲ್ಲಿ ಏಷ್ಯಾದ ದಡದ ಕಾಡಿಕೊಯ್‌ಗೆ ಹೋಗಿ. ಇಸ್ತಾಂಬುಲ್ ಕಾರ್ಟ್ ಎಂಬ ಪ್ರಯಾಣದ ಕಾರ್ಡು ಟ್ರಾಮಿಗೂ ದೋಣಿಗೂ ಒಂದೇ. ದೋಣಿಕಟ್ಟೆಯಿಂದ ಐದು ನಿಮಿಷ ನಡೆದರೆ ಮೀನು, ಉಪ್ಪಿನಕಾಯಿ, ಚೀಸ್, ಸೊಪ್ಪುಗಳ ಮಾರುಕಟ್ಟೆ ಬೀದಿಗಳು ಆರಂಭವಾಗುತ್ತವೆ. ನೆಲ ಬಹುಮಟ್ಟಿಗೆ ಸಮತಟ್ಟಾಗಿದೆ, ಕೂಗಿ ಕರೆಯುವವರು ಕಡಿಮೆ, ಮತ್ತು ಹೆಚ್ಚಿನ ಗಿರಾಕಿಗಳು ಸ್ಥಳೀಯರು. ಹೋಗುವಾಗ ದೋಣಿಯ ಹೊರಬದಿಯ ಬೆಂಚಿನಲ್ಲಿ ಕುಳಿತುಕೊಳ್ಳಿ. ಚಹಾ ಮಾರುವವರು ಅಲ್ಲಿಗೂ ಬರುತ್ತಾರೆ.